ಹಾಲ್ ಚಂದ ಐತಿ, ಫೋಟೋದಾಗ ಮಂದಿ ಎಲ್ಲಿ?

ಭಾಗ 1/7

ಲಗ್ನದ ಸೀಸನ್ ಬಂತಂದ್ರ ನಮ್ಮ ಕ್ಲಾಸ್ ಗ್ರೂಪಿನಾಗ ಒಂದಾ ಮಾತು. "ಯಾವ ಹಾಲ್ ಹಿಡಿದ್ರಿ?" "ಹುಬ್ಬಳ್ಳ್ಯಾಗ." "ಯಾಕ?" "ಅಲ್ಲಿ ಫೋಟೋ ಭಾರಿ ಬರ್ತಾವಲೇ!" ಅಷ್ಟ. ಬಸ್ ಸಿಗ್ತಾವೋ ಇಲ್ಲೋ, ಆಯಿ ಮೆಟ್ಟಲಾ ಹತ್ತತಾಳೋ ಇಲ್ಲೋ, ಯಾರೂ ಕೇಳಾಂಗಿಲ್ಲ.

ಫೋಟೋ ಬ್ಯಾಡ ಅನ್ನಾಕ ನಾ ಬಂದಿಲ್ಲ. ಲಗ್ನ ಒಂದ ದಿನ, ಫೋಟೋ ನಲವತ್ತು ವರ್ಷ. ಚಲೋ ಫೋಟೋ ಬೇಕಾ ಬೇಕು. ಅದಕ್ಕ ಈ ಜಗಳ ತಗದೇನಿ. ಫೋಟೋ ಸಲುವಾಗಿ ಹಾಲ್ ಹುಡುಕೋ ಮಂದಿ ಖರೇ ನೋಡಿದ್ರ ಹಿಂದಿನ ಪರದೆ ಹುಡುಕಾಕತ್ತಾರ. ಫೋಟೋ ಆಗೂದು ಬೆಳಕಿನಿಂದ ಮತ್ತ ಅದರಾಗ ಇರೋ ಮಂದಿಯಿಂದ. ಇವೆರಡೂ ನಮ್ಮ ದೇವಿಕೊಪ್ಪದಂಥ ಊರಾಗ ಮನಿ ಮುಂದ ಅದಾವ. ನಾವು ಲಕ್ಷ ರೊಕ್ಕ ಕೊಟ್ಟು ಅವನ್ನ ಬಿಟ್ಟು ಹೊಂಟೀವಿ.

ಸಿಟ್ಟು ಬಂದ್ರ ಬರ್ಲಿ. ಏಳೂ ಭಾಗ ಓದಿ ಆಮ್ಯಾಲ ಬೈರಿ.

ಭಾಗ 2/7: ಬೆಳಕು

ನಮ್ಮ ಕಡೆ ಲಗ್ನ ಬಹಳ ಆಗೂದು ಬ್ಯಾಸಗ್ಯಾಗ. ಬಸವ ಜಯಂತಿ, ಅಕ್ಷಯ ತೃತೀಯ ಎರಡೂ ವೈಶಾಖ ಶುದ್ಧ ತದಿಗಿ ದಿನಾನ ಬರ್ತಾವ, ಅವತ್ತಂತೂ ಓಣಿಗೊಂದು ಹಂದರ. ಅಕ್ಕಿಕಾಳ ಬೀಳೂದು ಎಷ್ಟೋ ಸಲ ಹನ್ನೆರಡು ದಾಟಿದ ಮ್ಯಾಲ. ಆ ಹೊತ್ತಿನಾಗ ಸೂರ್ಯ ನೆತ್ತಿ ಮ್ಯಾಲ ಇರ್ತಾನ. ಬಯಲಾಗ ನಿಂತ್ರ ಕಣ್ಣಿನ ಕೆಳಗ ಕರಿ ನೆರಳು ಬೀಳತೈತಿ.

ಹಂಗಾರ ಹಾಲ್ ಚಲೋ ಅಲ್ಲೇನು ಅಂತೀರಿ. ಬಹಳಷ್ಟು ಹಾಲ್‌ನಾಗ ಕಿಡಕಿಗೆ ದಪ್ಪ ಪರದೆ ಇಳಿಬಿಟ್ಟಿರ್ತಾರ. ಒಂದ ಕಡೆ ಹಳದಿ ಬಲ್ಬು, ಇನ್ನೊಂದ ಕಡೆ ಬಿಳಿ ಎಲ್‌ಇಡಿ, ಸ್ಟೇಜ್ ಹಿಂದ ನೇರಳೆ ಲೈಟು. ಕ್ಯಾಮರಾದಾಗ ವೈಟ್ ಬ್ಯಾಲೆನ್ಸ್ ಅಂತ ಇರತೈತಿ, ಅದನ್ನ ಒಂದ ನಮೂನಿ ಬೆಳಕಿಗೆ ಅಷ್ಟ ಹೊಂದಿಸಾಕ ಬರತೈತಿ. ಮೂರು ನಮೂನಿ ಬೆಳಕು ಕೂಡಿದ್ರ ಮದುಮಗಳ ಒಂದ ಗಲ್ಲ ಹಳದಿ, ಒಂದ ಗಲ್ಲ ನೀಲಿ. ಹಿಂದ ದೊಡ್ಡ ಎಲ್‌ಇಡಿ ಪರದೆ ಹಾಕಿದ್ರಂತೂ ಮುಖ ಕಪ್ಪ, ಇಲ್ಲಾ ಪರದ್ಯಾಗ ಗೆರಿ ಗೆರಿ. ಆಮ್ಯಾಲ ಎಡಿಟರ್ ಕುಂತು ಎಲ್ಲಾರ ಮುಖಾನೂ ಹಿಟ್ಟು ಬಡದಂಗ ಬೆಳ್ಳಗ ಮಾಡ್ತಾನ. ಬಿಸಲಾಗ ಭತ್ತ ನಾಟಿ ಮಾಡಿದ ನಮ್ಮವ್ವಂದಿರ ಖರೇ ಬಣ್ಣ ಅಲ್ಲೇ ಅಳಿಸಿ ಹೋಗತೈತಿ.

ಅದಾ ಹೊತ್ತಿಗೆ ಮನಿ ಮುಂದ ಬಿಳಿ ಬಟ್ಟಿ ಹಂದರ ಹಾಕಿ ನೋಡ್ರಿ. ನೆತ್ತಿ ಮ್ಯಾಲಿನ ಬಿಸಲು ಬಟ್ಟ್ಯಾಗ ಸೋಸಿ ಮೆತ್ತಗ ಇಳೀತೈತಿ. ಸ್ಟುಡಿಯೋದವರು ಡಿಫ್ಯೂಸರ್ ಅಂತ ರೊಕ್ಕ ಕೊಟ್ಟು ತರೂದು ಇದನ್ನ. ಒಂದ ಎಚ್ಚರಿಕಿ: ಹಂದರದ ಬಟ್ಟಿ ಬಣ್ಣದ್ದು ಬ್ಯಾಡ. ಹಸಿರು ತಾಡಪತ್ರಿ ಕೆಳಗ ಕುಂತವರ ಮುಖ ಹಸಿರ ಬರತೈತಿ, ಕೆಂಪು ಶಾಮಿಯಾನದ ಕೆಳಗ ಕೆಂಪ. ಇದನ್ನ ಸರಿ ಮಾಡೂದು ಎಡಿಟರ್‌ಗೂ ದೊಡ್ಡ ತಲಿಬ್ಯಾನಿ.

ಭಾಗ 3/7: ಮಂದಿ

ಕಲಘಟಗೀನ ಹುಬ್ಬಳ್ಳಿಂದ ಸುಮಾರು 30 ಕಿಲೋಮೀಟರ್. ನಮ್ಮೂರು ಅದರಾಚೆ, ಯಲ್ಲಾಪುರ ರೋಡಿಗೆ. ಲಗ್ನ ಹುಬ್ಬಳ್ಳ್ಯಾಗ ಅಂದ ಕೂಡಲೇ ಅರ್ಧ ಊರು ಹಿಂದ ಉಳೀತೈತಿ.

"ಶಕ್ತಿ ಯೋಜನೆ ಐತಲ್ಲ, ಹೆಣ್ಮಕ್ಕಳಿಗೆ ಬಸ್ ಪುಕ್ಕಟೆ" ಅಂತ ಒಬ್ಬ ದೋಸ್ತ ವಾದ ಮಾಡಿದ. ಖರೇ ಐತಿ, 2023ರ ಜೂನ್ 11ರಿಂದ ಟಿಕೆಟ್ ಪುಕ್ಕಟೆ. ಆದ್ರ ಅವತ್ತಿನ ಕೂಲಿ ಯಾರು ಕೊಡ್ತಾರ? ಸಂಜಿಗೆ ಎಮ್ಮಿ ಯಾರು ಹಿಂಡ್ತಾರ? ಮೊಳಕಾಲ ಬ್ಯಾನಿ ಇರೋ ಮುದುಕಿ ಬಸ್ ಸ್ಟ್ಯಾಂಡಿನ್ಯಾಗ ಎಷ್ಟೊತ್ತು ನಿಂದರಬೇಕು?

ನಮ್ಮ ಓಣ್ಯಾಗ ಒಬ್ಬ ದೊಡ್ಡವ್ವ ಅದಾಳ. ಸುತ್ತಲ ಮನಿಗಳ ಲಗ್ನಕ್ಕೆಲ್ಲಾ ಸೋಬಾನ ಪದ ಹಾಡಾಕಿ ಅಕೀನ. ಹೋದ ವರ್ಷ ನಮ್ಮ ಬಳಗದಾಗ ಒಂದ ಲಗ್ನ ಆತು, ಹಾಲ್‌ನಾಗ. ಅವತ್ತ ನಸಕಿನ್ಯಾಗ ಸುರಗಿ ಸುತ್ತಿ ನೀರ ಹಾಕೂ ಹೊತ್ತಿನ್ಯಾಗ ಮನಿ ಮುಂದ ನಿಂತು ಹಾಡ್ಯಾಳ. ಫೋಟೋಗ್ರಾಫರ್ ಅಲ್ಲಿ ಇರಲಿಲ್ಲ, ಅವರ ಪ್ಯಾಕೇಜ್ ಶುರು ಆಗೂದಾ ಹಾಲ್‌ನಿಂದ. ಹಾಲ್‌ಗೆ ಹೋಗೂ ಟೆಂಪೋದಾಗ ದೊಡ್ಡವ್ವಗ ಜಾಗಾ ಸಿಗಲಿಲ್ಲ. ಅಲ್ಬಮ್ ಬಂದ ಮ್ಯಾಲ "ನಾ ಎಲ್ಲಿ ಅದೇನಿ ತೋರಸ್" ಅಂತ ಕನ್ನಡಕ ಹಾಕ್ಕೊಂಡು ಕುಂತಳು. ನಾ ಕಡೀ ಹಾಳಿ ಮಟ ತಿರುವಿದೆ. ಇರಲಿಲ್ಲ.

ಗೊತ್ತಿಲ್ಲದ ನಮೂನಿ ಪ್ಲಾಸ್ಟಿಕ್ ಹೂವು ಪ್ರತಿ ಹಾಳ್ಯಾಗೂ ಅದಾವ. ಹಾಡಿದಾಕಿ ಒಂದರಾಗೂ ಇಲ್ಲ.

ಭಾಗ 4/7: ಜಾಗಾ ಅಂದ್ರ ಬರೇ ಬ್ಯಾಕ್‌ಗ್ರೌಂಡ್ ಅಲ್ಲ

ಫೋಟೋ ಹುಚ್ಚಿಗೆ ಜಾಗಾ ಆರಿಸಿದ್ರ ಎಲ್ಲಿಗೆ ಮುಟ್ಟತೈತಿ ನೋಡ್ರಿ. 2020ರ ನವೆಂಬರ್‌ನಾಗ ತಲಕಾಡಿನ ಹತ್ರ ಕಾವೇರಿ ಹೊಳ್ಯಾಗ ಲಗ್ನಕ್ಕ ಮುಂಚಿನ ಶೂಟ್ ಮಾಡಾಕ ಹೋದ ಹುಡುಗ ಹುಡುಗಿ ತೆಪ್ಪ ಮಗುಚಿ ಸತ್ತುಹೋದ್ರು. 2024ರ ಫೆಬ್ರುವರಿಯಾಗ ಚಿತ್ರದುರ್ಗ ಜಿಲ್ಲೆ ಭರಮಸಾಗರದ ಸರ್ಕಾರಿ ಆಸ್ಪತ್ರಿ ಆಪರೇಷನ್ ಕೋಣ್ಯಾಗ ಪ್ರಿ-ವೆಡ್ಡಿಂಗ್ ಶೂಟ್ ಮಾಡಿದ ಗುತ್ತಿಗೆ ಡಾಕ್ಟರ್ ಕೆಲಸಾನ ಹೋತು.

ನಮ್ಮ ಜಿಲ್ಲೆಯ ಉಣಕಲ್ಲ ಚಂದ್ರಮೌಳೇಶ್ವರ, ಅಣ್ಣಿಗೇರಿ ಅಮೃತೇಶ್ವರ ಗುಡಿ ಎರಡೂ ಕೇಂದ್ರ ಪುರಾತತ್ವ ಇಲಾಖೆ ಕಾಯೋ ಸ್ಮಾರಕಗಳು. ಇಂಥ ಜಾಗಾದಾಗ ರಿಸೆಪ್ಷನ್, ಪಾರ್ಟಿ ಇಡಬೇಕಂದ್ರ 1959ರ ನಿಯಮದ ಪ್ರಕಾರ ಕೇಂದ್ರ ಸರ್ಕಾರದ ಲಿಖಿತ ಅನುಮತಿ ಬೇಕು. ಹಿಂದಿನಿಂದ ನಡಕೊಂಡು ಬಂದ ಧಾರ್ಮಿಕ ಆಚರಣೆಗೆ ಅಷ್ಟ ವಿನಾಯಿತಿ. ಕಲ್ಲಿನ ಕಂಬ ಚಂದ ಅದಾವಂತ ಲೈಟಿಂಗ್ ತಗೊಂಡು ನುಗ್ಗಾಕ ಅದೇನು ಸೆಟ್ ಅಲ್ಲ.

ಹೊಳಿ, ಆಸ್ಪತ್ರಿ, ಗುಡಿ, ಹಾಲ್, ಎಲ್ಲಾ ಕಡೆ ತಪ್ಪು ಒಂದಾ. ಜಾಗಾಕ್ಕ ಅದರದಾ ಆದ ಜೀವ ಇರತೈತಿ ಅನ್ನೂದನ್ನ ಮರತು ಬರೇ ಹಿಂದಿನ ಗ್ವಾಡಿ ನೋಡೂದು.

ಭಾಗ 5/7: ಬಿಕಾಂ ಲೆಕ್ಕ

ಹಾಲ್ ಬಾಡಿಗಿ 1,00,000 ಅಂತ ಲೆಕ್ಕಕ್ಕ ಹಿಡೀರಿ. ನೋಂದಣಿ ಇರೋ ಹಾಲ್ ಆದ್ರ 18% ಜಿಎಸ್‌ಟಿ, ಅಂದ್ರ ಒಟ್ಟ 1,18,000. ಇದನ್ನ ನೂರಕ್ಕ ತಿಂಗಳಿಗೆ 3 ರೂಪಾಯಿ ಬಡ್ಡಿ ಸಾಲ ತಂದ್ರ ವರ್ಷಕ್ಕ 36%. ಒಂದ ವರ್ಷದ ಬಡ್ಡಿ 42,480. ಅಸಲು ಹಂಗಾ ಕುಂತಿರತೈತಿ. ಇದು ಒಂದ ದಿನದ ಗ್ವಾಡಿ ಬಾಡಿಗಿ.

ನೋಂದಾಯಿತ ಧಾರ್ಮಿಕ ಟ್ರಸ್ಟಿನವರು ಸಾರ್ವಜನಿಕರಿಗೆ ಕೊಡೋ ಕಲ್ಯಾಣ ಮಂಟಪ, ಸಮುದಾಯ ಭವನದ ಬಾಡಿಗಿ ದಿನಕ್ಕ 10,000ಕ್ಕಿಂತ ಕಡಿಮಿ ಇದ್ರ ಜಿಎಸ್‌ಟಿನಾ ಇಲ್ಲ. ಇದನ್ನ ಎಷ್ಟ ಮಂದಿ ವಿಚಾರಿಸ್ತೀರಿ?

ಬಂಡವಾಳ ಖರ್ಚು, ಕಂದಾಯ ಖರ್ಚು ಅಂತ ಪರೀಕ್ಷಾದಾಗ ಬರದು ಬರ್ತೀವಿ. ಹಾಲ್ ಬಾಡಿಗಿ ಆ ದಿನಾನ ಮುಗಿಯೋ ಖರ್ಚು. ಫೋಟೋ ಮುಂದ ವರ್ಷಾನುಗಟ್ಟಲೆ ಉಳಿಯೋ ಆಸ್ತಿ. ಹಂಗಾರ ರೊಕ್ಕ ಎಲ್ಲಿ ಹಾಕಬೇಕು? ಹಾಲ್‌ಗೆ ಹಾಕೋ ರೊಕ್ಕದಾಗ ಒಂದ ಪಾಲು ಫೋಟೋಗ್ರಾಫರ್‌ಗೆ ಕೊಟ್ಟು "ಹಿಂದಿನ ದಿನ ಅರಿಷಿಣದಿಂದ ಹೆಣ್ಣ ಕಳಿಸೂ ಮಟ ಇರ್ರಿ" ಅನ್ರಿ. ಉಳಿದಿದ್ದು ಅಪ್ಪನ ಕಿಸೇದಾಗ ಇರ್ಲಿ.

ಭಾಗ 6/7: ನಿಮ್ಮ ಮಾತೂ ಕೇಳೇನಿ

"ಊರಾಗ ಬಾತ್‌ರೂಮ್ ಇಲ್ಲ, ಸೀರಿ ಉಡಾಕ ಕೋಣಿ ಇಲ್ಲ." ಒಪ್ಪತೇನಿ. ನೂರಾರು ಹೆಣ್ಮಕ್ಕಳು ಬರೋ ಕಡೆ ಇದು ಸಣ್ಣ ಮಾತಲ್ಲ. ಇದರ ಸಲುವಾಗಿ ಹಾಲ್ ಹಿಡದ್ರ ನನ್ನ ತಕರಾರಿಲ್ಲ. ಆದ್ರ ಅದಕ್ಕ ಹುಬ್ಬಳ್ಳಿ ಮಟ ಯಾಕ? ಊರ ಹತ್ರದ ಗುಡಿ ಸಮುದಾಯ ಭವನ ಮೊದಲ ನೋಡ್ರಿ.

"ಮಳಿ ಬಂದ್ರ?" ಮೇ ತಿಂಗಳ ಅಡ್ಡಮಳಿ ನಮ್ಮ ಅರೆಮಲೆನಾಡಿಗೆ ಹೊಸದಲ್ಲ. ಪಡಸಾಲಿ ಇದ್ದ ಮನಿ, ಸಾಲಿ ವರಾಂಡ, ಗುಡಿ ಪೌಳಿ, ಎರಡನೇ ಜಾಗಾ ಒಂದ ಮೊದಲಾ ಗೊತ್ತು ಮಾಡಿಡ್ರಿ.

"ಬೀಗರು ಏನಂತಾರ? ಸಣ್ಣತನ ಅಂತಾರ." ಇದಾ ಖರೇ ಭಯ, ಉಳಿದಿದ್ದೆಲ್ಲಾ ನೆವ. ಪೂರ್ಣಚಂದ್ರ ತೇಜಸ್ವಿ ಹೆಸರು ಕೇಳೀರಲ್ಲ? 1966ರಾಗ ಅವರ ಲಗ್ನ ಆಗಿದ್ದು ಮಂತ್ರ ಮಾಂಗಲ್ಯ ರೀತಿ, ಅಪ್ಪ ಕುವೆಂಪು ರೂಪಿಸಿದ ಸರಳ ವಿಧಾನದಾಗ. ಕಾಡಿನ್ಯಾಗ ಹಕ್ಕಿ ಫೋಟೋ ತಗದು ಹೆಸರಾದ ಮನಷ್ಯಾ ಅವರು. ಕ್ಯಾಮರಾ ಬಗ್ಗೆ ಅವರಿಗಿಂತ ನಮಗ ಹೆಚ್ಚ ಗೊತ್ತೈತೇನು? ಆಡಂಬರ ಇಲ್ಲದ ಲಗ್ನದಿಂದ ಅವರ ಮಾನ ಏನೂ ಕಡಿಮಿ ಆಗಲಿಲ್ಲ.

ಭಾಗ 7/7: ಟೋಕನ್ ಕೊಡೂಕಿಂತ ಮೊದಲ (ಸೇವ್ ಮಾಡ್ಕೊಳ್ರಿ)

ಒಂದು, ಜಾಗಾ ನೋಡಾಕ ಮುಹೂರ್ತದ ಹೊತ್ತಿಗೇ ಹೋಗ್ರಿ. ಸಂಜಿಗೆ ಲೈಟಿಂಗ್ ಹಾಕಿ ತೋರಿಸಿದ್ರ ನಂಬಬ್ಯಾಡ್ರಿ.

ಎರಡು, ಮದುಮಕ್ಕಳು ಕುಂದರೋ ಜಾಗಾದಾಗ ದೋಸ್ತನ್ನ ನಿಂದರಸಿ, ಫ್ಲ್ಯಾಶ್ ಇಲ್ಲದ ಮೊಬೈಲ್‌ನಾಗ ಒಂದ ಫೋಟೋ ತಗೀರಿ. ಕಣ್ಣು ಕಾಣ್ತಾವಾ? ಮುಖದ ಬಣ್ಣ ಅವಂದಾ ಐತಾ?

ಮೂರು, ಸಂಜಿ ಬೆಳಕು ಬಿಡಬ್ಯಾಡ್ರಿ. ಮೇನಾಗ ಹೊತ್ತು ಮುಣಗೂದು ಏಳರ ಸುಮಾರಿಗೆ. ಆರರಿಂದ ಮುಕ್ಕಾಲು ತಾಸು ಎಲ್ಲಾರನ್ನೂ ಹೊರಗ ಕರದು ಗುಂಪು ಫೋಟೋ ತಗಸ್ರಿ. ಹೊಲದ ಬದು, ಕೆರಿ ದಂಡಿ, ಮನಿ ಕಟ್ಟಿ, ಎಲ್ಲಿಯಾದ್ರೂ ನಡೀತೈತಿ.

ನಾಲ್ಕು, ಎಲ್ಲಾಕ್ಕಿಂತ ದೊಡ್ಡದು ಇದು. ಜಾಗಾ ನೋಡೂದಕ್ಕ ಮೊದಲಾ ಒಂದ ಹಾಳಿ ತಗೊಂಡು 20 ಹೆಸರು ಬರೀರಿ. ಈ ಫೋಟೋದಾಗ ಇವರು ಇರಲಿಲ್ಲಂದ್ರ ಮುಂದ ನನಗ ಹೊಟ್ಟಿ ಉರೀತೈತಿ ಅನ್ನೋ ಮಂದಿ. ಅವರಿಗೆ ಬರಾಕ, ಕುಂದರಾಕ, ಕತ್ತಲಾಗೂದ್ರಾಗ ಮನಿ ಮುಟ್ಟಾಕ ಆಗೋ ಜಾಗಾ ಯಾವುದೋ ಅದಾ ನಿಮ್ಮ ಲಗ್ನದ ಜಾಗಾ.

ನಮ್ಮಕ್ಕನ ಲಗ್ನ ಬರೂ ವೈಶಾಖದಾಗ. ಮನ್ಯಾಗ ಇನ್ನೂ ಜಗಳ ನಡದೈತಿ, ಅಪ್ಪ ಇನ್ನೂ ಎಲ್ಲೂ ಟೋಕನ್ ಕೊಟ್ಟಿಲ್ಲ. ನಮ್ಮ ಹಾಳ್ಯಾಗ ಮೊದಲನೇ ಹೆಸರು ಆ ದೊಡ್ಡವ್ವಂದು, ಅಕ್ಕಾನ ಬರಸಿದ್ದು.

ನಿಮ್ಮ ಹಾಳ್ಯಾಗ ಮೊದಲನೇ ಹೆಸರು ಯಾರದು? ಕಾಮೆಂಟ್‌ನಾಗ ಬರೀರಿ. ಹಾಲ್ ಬುಕ್ ಮಾಡಾಕ ಹೊಂಟಿರೋ ದೋಸ್ತಗ ಇವತ್ತಾ ಕಳಸ್ರಿ.

#ದೇವಿಕೊಪ್ಪ #ಕಲಘಟಗಿ #ನಮ್ಮೂರಲಗ್ನ #ಹಂದರ #ಬಿಕಾಂಲೆಕ್ಕ