ಎಲ್ಲರ ಅರಸು, ಯಾರ ಅರಸು?

ಆಗಸ್ಟ್ 20 ಬಂದರೆ ದೇವರಾಜ ಅರಸರ ಭಾವಚಿತ್ರಕ್ಕೆ ಹಾರ ಹಾಕಲು ಯಾವ ಪಕ್ಷವೂ ಹಿಂದೆ ಬೀಳುವುದಿಲ್ಲ. ಬದುಕಿದ್ದಾಗ ಅವರಿಗೆ ಇಂಥ ಒಮ್ಮತ ಸಿಕ್ಕಿರಲಿಲ್ಲ. ಹಾವನೂರು ವರದಿ ಬಲಾಢ್ಯ ಜಾತಿಗಳನ್ನು ಕೆರಳಿಸಿತ್ತು. ಭ್ರಷ್ಟಾಚಾರದ ಆರೋಪಗಳ ತನಿಖೆಗೆ ಗ್ರೋವರ್ ಆಯೋಗ ಬಂದಿತ್ತು. ತುರ್ತುಪರಿಸ್ಥಿತಿಯಲ್ಲಿ ವಿರೋಧಿಗಳನ್ನು ಜೈಲಿಗಟ್ಟಿದ್ದೂ ಅವರದೇ ಸರ್ಕಾರ. 1979ರಲ್ಲಿ ಇಂದಿರಾ ಗಾಂಧಿಯವರೊಂದಿಗಿನ ನಂಟೂ ಮುರಿಯಿತು. ಮರುವರ್ಷ ಇಂದಿರಾ ಕಾಂಗ್ರೆಸ್ ರಾಜ್ಯದ 28 ಲೋಕಸಭಾ ಸ್ಥಾನಗಳಲ್ಲಿ 27 ಗೆದ್ದಾಗ ಅರಸು ಅಧಿಕಾರವನ್ನೂ ಬಿಟ್ಟರು. 1982ರಲ್ಲಿ ತೀರಿಕೊಂಡರು.

ಈಗಿನ ಅರಸರಿಗೆ ವಿರೋಧಿಗಳೇ ಇಲ್ಲ. ಆಯೋಗ, ತುರ್ತುಪರಿಸ್ಥಿತಿ ಎರಡೂ ಭಾಷಣಗಳಿಂದ ಮಾಯವಾಗಿವೆ. ‘ಹಿಂದುಳಿದವರ ಹರಿಕಾರ’ ಎಂಬ ಬಿರುದು ಉಳಿದಿದೆ. ಗೌರವದಂತೆ ಕಂಡರೂ ಇದು ಒಂದು ಬಗೆಯ ಮರೆವೇ. ತಪ್ಪುಗಳನ್ನು ಒರೆಸುವ ಬಟ್ಟೆ ಜಗಳವನ್ನೂ ಒರೆಸಿಬಿಡುತ್ತದೆ. 1974ರ ಭೂಸುಧಾರಣೆ ಭೂಮಾಲೀಕರ ನೆಲವನ್ನು ಗೇಣಿದಾರರಿಗೆ ಕೊಡಿಸಿತು. ಶತ್ರುಗಳು ಹುಟ್ಟಿದ್ದು ಸುಮ್ಮನಲ್ಲ. ಕೃಷಿಕರಲ್ಲದವರು ಹೊಲ ಕೊಳ್ಳದಂತೆ ಆ ಕಾಯ್ದೆಯಲ್ಲಿದ್ದ ತಡೆಯನ್ನು 2020ರ ತಿದ್ದುಪಡಿ ತೆಗೆದುಹಾಕಿತು. ಜಯಂತಿ ಮಾತ್ರ ನಿಲ್ಲಲಿಲ್ಲ.

ಅರಸರನ್ನು ನೆನೆಯುವವರು ಆ ಕಾಯ್ದೆಯ ಪರವೋ ವಿರುದ್ಧವೋ ಹೇಳಲಿ. ಹಾರ ಹಾಕಲು ನಿಲುವು ಬೇಕಿಲ್ಲ, ನೆನೆಯಲು ಬೇಕು.