ಬೆಳೆ ಹೋದದ್ದನ್ನ ಕನ್ನಡದಾಗೇ ಬರೆದು ಕೊಡೋಣ

ನಾರಾಯಣಪೇಟ, ಮಕ್ತಲ್, ಗದ್ವಾಲ ಕಡೆಯ ಕಟ್ಟೆಗಳ ಮ್ಯಾಲೆ ಒಂದು ಮಾತು ಓಡಾಡ್ತದ: "ಕರ್ನಾಟಕದಾಗ ಇದ್ದಿದ್ರ ಪರಿಹಾರ ಹೆಚ್ಚು ಸಿಗ್ತಿತ್ತು." ಲೆಕ್ಕ ಹಾಕಿ ನೋಡಿದ್ರ ಇದು ಪೂರಾ ಖರೆ ಅಲ್ಲ.

ಕೇಂದ್ರದ ನಿಯಮದ ಪ್ರಕಾರ ಶೇ. 33ಕ್ಕಿಂತ ಹೆಚ್ಚು ಬೆಳೆ ಹಾಳಾದರೆ ಖುಷ್ಕಿ ಹೊಲಕ್ಕೆ ಹೆಕ್ಟೇರಿಗೆ 8,500, ನೀರಾವರಿಗೆ 17,000 ರೂಪಾಯಿ. ಅದೂ ಎರಡು ಹೆಕ್ಟೇರಿಗೆ ಮಾತ್ರ. 2025ರ ಸೆಪ್ಟೆಂಬರ್‌ನಲ್ಲಿ ಭೀಮಾ ಉಕ್ಕಿ ಕಲಬುರಗಿ, ಯಾದಗಿರಿ ಹೊಲಗಳು ಮುಳುಗಿದಾಗ ಸಿದ್ದರಾಮಯ್ಯ ಸರ್ಕಾರ ಇದರ ಮೇಲೆ 8,500 ಕೂಡಿಸಿತು. ಎಕರೆಗೆ ಇಳಿಸಿದರೆ ಖುಷ್ಕಿಗೆ ಸುಮಾರು 6,900, ನೀರಾವರಿಗೆ 10,300. ತೆಲಂಗಾಣದಾಗ 2023ರ ಮಾರ್ಚ್‌ನ ಆಲಿಕಲ್ಲು ಮಳೆಗೆ ಕೆಸಿಆರ್ ಎಕರೆಗೆ 10,000 ಅಂದ್ರು. 2024ರ ಸೆಪ್ಟೆಂಬರ್ ನೆರೆಗೆ ರೇವಂತ್ ರೆಡ್ಡಿಯವರೂ ಅಷ್ಟೇ ಅಂದ್ರು. ತೊಗರಿ, ಹತ್ತಿ ಹಾಕೋ ಖುಷ್ಕಿ ರೈತನಿಗೆ ನಮ್ಮ ಕಡೆ ಘೋಷಣೆಯೇ ದೊಡ್ಡದು.

ಹಂಗಾದ್ರ ನಮ್ಮ ತಕರಾರು ಏನು? ಪಟ್ಟಿ.

ನದಿ ಆಚೆ ರೈತನಿಗೆ ಸರ್ಕಾರದ ಪರಿಹಾರದ ಜೊತೆ ಫಸಲ್ ಬಿಮಾ ಅನ್ನೋ ಇನ್ನೊಂದು ದಾರಿ ಅದ. ತೆಲಂಗಾಣ 2020ರಲ್ಲೇ ಆ ಯೋಜನೆಯಿಂದ ಹೊರಗೆ ಬಂತು. ಹಿಂಗಾಗಿ ಮಳಿ ಹೊಡೆದ ವಾರ ಕೃಷಿ ವಿಸ್ತರಣಾಧಿಕಾರಿ ಹೊಲಕ್ಕೆ ಬಂದು ಏನು ಬರಕೊಂಡು ಹೋಗ್ತಾರೋ ಅದೇ ನಮ್ಮ ಹಣೆಬರಹ. ಸರ್ವೆ ನಂಬರ್ ತಪ್ಪಿದ್ರ, ಹತ್ತಿ ಇದ್ದಲ್ಲಿ ಬ್ಯಾರೆ ಬೆಳೆ ಬರೆದಿದ್ರ, ನಷ್ಟ ಶೇ. 30 ಅಂತ ಹಾಕಿದ್ರ ರೊಕ್ಕ ಇಲ್ಲ. ಕೌಲಿಗೆ ಹೊಲ ಮಾಡೋರ ಪಾಡಂತೂ ಕೇಳಬೇಡಿ. ಅವರಿಗೂ ಕೊಡ್ತೀವಿ ಅಂತ 2023ರಲ್ಲಿ ಹೇಳಿದ್ದರು, ಆದ್ರ ಪಾಸ್‌ಪುಸ್ತಕದಾಗ ಇರೋದು ಹೊಲದ ಮಾಲೀಕನ ಹೆಸರು. ಗದ್ವಾಲದ ನಡಿಗಡ್ಡದಾಗ ಬೀಜದ ಹತ್ತಿ ಬೆಳೆಯೋರಿಗೆ ಇನ್ನೊಂದು ಸಂಕಟ. ಹೂವು ಹೂವಿಗೂ ಕೈಯಿಂದ ಪರಾಗ ಮುಟ್ಟಿಸೋ ಕೂಲಿ ಎಷ್ಟಾಗ್ತದ ಅಂತ ನಿಮಗ ಗೊತ್ತು. ಆ ಎಕರೆಗೂ ಅದೇ 10,000 ಅಂದ್ರ ಖರ್ಚಿನ ಮೂಲೆಗೂ ಸಾಲದು.

ಈಗ ಭಾಷೆಯ ಮಾತು. ಕೃಷ್ಣಾ, ಮಾಗನೂರು ಮಂಡಲಗಳ ಗಡಿ ಊರುಗಳಲ್ಲಿ ಮನೆಮಾತು ಕನ್ನಡ, ಕಾಗದದ ಮಾತು ತೆಲುಗು. ಏನು ಬರೆದಾರ ಅಂತ ಓದಲಾರದೆ ನಮ್ಮ ಅಪ್ಪ, ಕಾಕಾ ಅವರು ತೋರಿಸಿದಲ್ಲಿ ಸಹಿ ಹಾಕ್ತಾರ. ತೆಲುಗಿನ ಮೇಲೆ ನಮಗ ಸಿಟ್ಟಿಲ್ಲ, ಸಂತೆ-ಸಂಬಂಧ ಎಲ್ಲಾ ಅದರಾಗೇ ಅದ. ಆದರೆ ಹೊಲ ಹೋದ ಹೊತ್ತಿನಾಗ ಏನಕ್ಕೆ ಸಹಿ ಹಾಕ್ತಿದ್ದೀವಿ ಅನ್ನೋದು ತಿಳಿಯಲೇಬೇಕು.

ಸಂವಿಧಾನದ 350ನೇ ವಿಧಿ ಪ್ರಕಾರ ರಾಜ್ಯದಾಗ ಬಳಕೆಯಲ್ಲಿರೋ ಯಾವ ಭಾಷೆಯಲ್ಲಾದರೂ ಯಾವ ಅಧಿಕಾರಿಗಾದರೂ ಅಹವಾಲು ಕೊಡಬಹುದು. ಜಿಲ್ಲೆ ಅಥವಾ ಅದಕ್ಕಿಂತ ಸಣ್ಣ ಆಡಳಿತ ಪ್ರದೇಶದಾಗ ಶೇ. 15 ಜನ ಆಡೋ ಭಾಷೆಗೆ ಮುಖ್ಯ ನೋಟಿಸು, ನಿಯಮಗಳನ್ನ ಅನುವಾದಿಸಿ ಪ್ರಕಟಿಸಬೇಕು ಅಂತ ಭಾಷಾ ಅಲ್ಪಸಂಖ್ಯಾತರ ರಕ್ಷಣಾ ಸೂತ್ರದಲ್ಲೇ ಅದ. ಮಂಡಲವಾರು ಮಾತೃಭಾಷೆ ಲೆಕ್ಕ 2011ರ ಜನಗಣತಿಯಲ್ಲಿ ಸಿಗ್ತದ. ತೆಗೆದು, ಅರ್ಜಿಗೆ ಹಚ್ಚಿ ಕೇಳಿ.

ಓದಿದ ಹುಡುಗ ಹುಡುಗಿಯರಿಗೆ ಈ ಹಂಗಾಮಿನ ಕೆಲಸ ಇದು: ಬೆಳೆ ಬಿದ್ದ ದಿನವೇ ಫೋಟೋ ತೆಗೀರಿ, ಸರ್ವೆ ನಂಬರ್, ತಾರೀಖು ಬರೆದಿಡಿ. ಅರ್ಜಿ ಕನ್ನಡದಾಗ ಬರೀರಿ, ಹಿಂದೆ ತೆಲುಗು ಪ್ರತಿ ಹಚ್ಚಿರಿ, ಕೆಲಸ ಆಗೋದು ಮುಖ್ಯ. ಎರಡಕ್ಕೂ ಮೊಹರು ಹಾಕಿಸಿಕೊಂಡೇ ಎದ್ದು ಬರ್ರಿ. ನಷ್ಟದ ಪಟ್ಟಿಯನ್ನ ಪಂಚಾಯ್ತಿ ಗೋಡೆಗೆ ಅಂಟಿಸಿ ಅಂತ ಕೇಳಿರಿ. ಅಂಟಿಸದಿದ್ರ ಆರ್‌ಟಿಐ ಹಾಕಿ, 30 ದಿನದಾಗ ಉತ್ತರ ಕೊಡಬೇಕು. ಆ ಅರ್ಜಿ ಮಾತ್ರ ತೆಲುಗು, ಹಿಂದಿ ಇಲ್ಲಾ ಇಂಗ್ಲಿಷಿನಾಗ ಇರಲಿ, ಕಾಯ್ದೆ ಹಂಗ ಅದ. ಬರೆಯೋಕೆ ಬರದಿದ್ರ ನಮ್ಮ ಪುಟಕ್ಕೆ ಮೆಸೇಜ್ ಹಾಕಿ, ಕೂಡಿ ಬರೆಯೋಣ.