ರೆಸ್ಟ್ ಇಲ್ಲದ ‘ರೆಸ್ಟಿವ್’

ಏಳನೇ ತರಗತಿಯಲ್ಲಿ ನನ್ನ ಪ್ರಗತಿಪತ್ರದಲ್ಲಿ ಮೇಷ್ಟ್ರು ‘ರೆಸ್ಟಿವ್’ ಎಂದು ಬರೆದಿದ್ದರು. ರೆಸ್ಟ್ ಇದೆಯಲ್ಲ, ‘ಶಾಂತ ಹುಡುಗ’ ಅಂತ ಅರ್ಥ ಎಂದು ಅಪ್ಪನಿಗೆ ಹೇಳಿ ಸಹಿ ಹಾಕಿಸಿಕೊಂಡೆ. ನಿಜವಾದ ಅರ್ಥ ಗೊತ್ತಾದದ್ದು ಕಾಲೇಜಿಗೆ ಬಂದ ಮೇಲೆ: ಹಿಡಿದು ಕೂರಿಸಿದರೆ ಸಹನೆಗೆಟ್ಟು ಚಡಪಡಿಸುವವ!

ವಿಶ್ರಾಂತಿಯ ರೆಸ್ಟ್‌ಗೂ ಇದಕ್ಕೂ ನಂಟಿಲ್ಲ ಮಕ್ಕಳೇ. ಇದರ ಮೂಲ ಲ್ಯಾಟಿನ್ನಿನ ‘ರೆಸ್ಟಾರೆ’, ಅಂದರೆ ಹಿಂದೆಯೇ ನಿಲ್ಲು. ಫ್ರೆಂಚ್ ದಾಟಿ ಇಂಗ್ಲಿಷಿಗೆ ಬಂದಾಗ, ಎಷ್ಟು ಗದರಿದರೂ ಮುಂದೆ ಹೆಜ್ಜೆಯಿಡದ ಮೊಂಡು ಕುದುರೆಗೆ ಈ ಮಾತು ಸಲ್ಲುತ್ತಿತ್ತು. ಅಂಥ ಕುದುರೆ ಸುಮ್ಮನೆ ನಿಂತೀತೇ? ಅಡ್ಡಡ್ಡ ಸರಿಯುತ್ತದೆ, ಕಡಿವಾಣ ಜಗ್ಗುತ್ತದೆ, ನೆಲ ಕೆರೆಯುತ್ತದೆ. ಹೀಗೆ, ಮುಂದೆ ಹೋಗದಿರುವುದನ್ನು ಹೇಳುತ್ತಿದ್ದ ಪದ ಚಡಪಡಿಕೆಗೆ ಅಂಟಿಕೊಂಡಿತು.

ಅಪ್ಪನಿಗೆ ಇದನ್ನೆಲ್ಲ ಹೇಳಿದೆ. “ಆಗಲೇ ಅನುಮಾನ ಬಂದಿತ್ತು ಕಣೋ,” ಎಂದರು. “ನೀನು ಶಾಂತವಾಗಿ ಕೂತದ್ದನ್ನು ನಾನು ಯಾವತ್ತು ಕಂಡಿದ್ದೆ?”